ರಾಜ್ಯದ ಸಾಲಕ್ಕೂ ಒಂದು ಜಮಾಬಂದಿ ಬೇಕು: ಆರ್ಥಿಕ ಸಚಿವರಿಗೆ, ಶಾಸಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರ್ಥಿಕ ಸಚಿವರಿಗೆ ಮತ್ತು ವಿಧಾನಮಂಡಲದ ಎರಡೂ ಸದನಗಳ ಸದಸ್ಯರಿಗೆ ನಮಸ್ಕಾರಗಳು.

2025-26ರ ರಾಜ್ಯ ಬಜೆಟ್ ಪ್ರಕಾರ, ಆ ವರ್ಷದ ಕೊನೆಗೆ ಕರ್ನಾಟಕದ ಒಟ್ಟು ಹೊಣೆಗಾರಿಕೆ, ಅಂದರೆ ತೀರಿಸಬೇಕಾದ ಒಟ್ಟು ಸಾಲ, ₹7,64,655 ಕೋಟಿ. ರಾಜ್ಯದ ಒಟ್ಟು ಆಂತರಿಕ ಉತ್ಪನ್ನದ, ಅಂದರೆ ಜಿಎಸ್‌ಡಿಪಿಯ ಶೇ 24.91. ನಮ್ಮದೇ ಕಾನೂನು ಹಾಕಿರುವ ಗೆರೆ ಶೇ 25. ಗೆರೆ ಮುಟ್ಟಲು ಉಳಿದದ್ದು ಶೇ 0.09. ರೂಪಾಯಿಯಲ್ಲಿ ಹೇಳಿದರೆ ಸುಮಾರು ₹2,760 ಕೋಟಿ. ₹4,09,549 ಕೋಟಿ ಗಾತ್ರದ ಬಜೆಟ್‌ನಲ್ಲಿ ಇದು ಎರಡೂವರೆ ದಿನದ ಖರ್ಚು.

ನಾನು ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ದ್ವಿತೀಯ ಪಿಯುಸಿಗೆ ಸರ್ಕಾರದ ಬಜೆಟ್ ಬಗ್ಗೆ ಒಂದು ಅಧ್ಯಾಯ ಇದೆ. ರಾಜಸ್ವ ಕೊರತೆ, ವಿತ್ತೀಯ ಕೊರತೆ, ಸಾರ್ವಜನಿಕ ಸಾಲ ಎಲ್ಲವೂ ಅದರಲ್ಲಿ ಬರುತ್ತವೆ. ಪಠ್ಯದ ಉದಾಹರಣೆಗಿಂತ ನಮ್ಮ ರಾಜ್ಯದ ಅಂಕಿ ಕೊಟ್ಟರೆ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ. ಆದರೆ "ನಮ್ಮ ರಾಜ್ಯ ಯಾರಿಗೆ ಎಷ್ಟು ಕೊಡಬೇಕು?" ಎಂದು ಒಬ್ಬ ಹುಡುಗಿ ಕೇಳಿದರೆ, ಇದೊಂದು ಕಡೆ ನೋಡಮ್ಮ ಅಂತ ತೋರಿಸಲು ಒಂದು ಜಾಗ ಇಲ್ಲ. ಸ್ವಲ್ಪ ಬಜೆಟ್ ಸಂಪುಟಗಳಲ್ಲಿದೆ, ಸ್ವಲ್ಪ ಮಧ್ಯಮಾವಧಿ ವಿತ್ತೀಯ ಯೋಜನೆಯಲ್ಲಿದೆ. ಇನ್ನು ಸ್ವಲ್ಪ ರಿಸರ್ವ್ ಬ್ಯಾಂಕ್ ಪ್ರಕಟಣೆಯಲ್ಲಿದೆ, ಮತ್ತೆ ಸ್ವಲ್ಪ ಸರ್ಕಾರಗಳ ಲೆಕ್ಕ ಪರಿಶೋಧಿಸುವ ಸಿಎಜಿಯ ವರದಿಯಲ್ಲಿದೆ. ಕೆಲವು ಬಾಕಿಗಳಂತೂ ಪತ್ರಿಕೆಯಲ್ಲಿ ಯಾರೋ ಹೇಳಿಕೆ ಕೊಟ್ಟಾಗ ಮಾತ್ರ ಗೊತ್ತಾಗುತ್ತವೆ. ಈ ಪತ್ರ ಬರೆಯಲು ಇದೇ ಕಾರಣ.

ಸಾಲ ಮಾಡಿದ್ದು ತಪ್ಪು ಎಂದು ಹೇಳಲು ನಾನು ಬಂದಿಲ್ಲ. ಮೊದಲು ಆ ವರ್ಷದ ಲೆಕ್ಕವನ್ನೇ ಬಿಡಿಸಿ ನೋಡೋಣ.

ಒಟ್ಟು ಖರ್ಚು ₹4,09,549 ಕೋಟಿ. ಇದರಲ್ಲಿ ಸಂಬಳ, ಪಿಂಚಣಿ, ಬಡ್ಡಿ, ಸಬ್ಸಿಡಿ ಮುಂತಾದ ರಾಜಸ್ವ ವೆಚ್ಚ ₹3,11,739 ಕೋಟಿ. ರಸ್ತೆ, ನೀರಾವರಿ, ಕಟ್ಟಡ ಮುಂತಾದ ಬಂಡವಾಳ ವೆಚ್ಚ ₹71,336 ಕೋಟಿ. ಹಳೆಯ ಸಾಲದ ಅಸಲು ತೀರಿಸಲು ₹26,474 ಕೋಟಿ. ಇನ್ನು ಬರುವ ಹಣ. ತೆರಿಗೆ, ಕೇಂದ್ರದ ಪಾಲು, ಅನುದಾನ ಎಲ್ಲ ಸೇರಿ ರಾಜಸ್ವ ಸ್ವೀಕೃತಿ ₹2,92,477 ಕೋಟಿ. ಹೊಸ ಸಾಲ ₹1,16,000 ಕೋಟಿ. ಅಂದರೆ ಖರ್ಚಾಗುವ ಪ್ರತಿ ರೂಪಾಯಿಯಲ್ಲಿ 28 ಪೈಸೆ ಸಾಲದ್ದು. ಅದೇ ರೂಪಾಯಿಯಲ್ಲಿ ಸುಮಾರು 18 ಪೈಸೆ ಹಳೆಯ ಸಾಲದ ಬಡ್ಡಿ ಮತ್ತು ಅಸಲಿಗೆ ಹೋಗುತ್ತದೆ.

ಇದಕ್ಕಿಂತ ಮುಖ್ಯವಾದ ಅಂಕಿ ಇನ್ನೊಂದಿದೆ. ವಿತ್ತೀಯ ಕೊರತೆ, ಅಂದರೆ ಸಾಲ ಬಿಟ್ಟು ಬರುವ ಹಣಕ್ಕೂ ಅಸಲು ತೀರಿಸುವುದು ಬಿಟ್ಟು ಆಗುವ ಖರ್ಚಿಗೂ ನಡುವಿನ ಅಂತರ, ₹90,428 ಕೋಟಿ. ಇದರಲ್ಲಿ ಹೆಚ್ಚಿನ ಪಾಲು ಬಂಡವಾಳ ವೆಚ್ಚಕ್ಕೆ ಸರಿ ಹೋಗುತ್ತದೆ. ಆದರೆ ₹19,262 ಕೋಟಿ ರಾಜಸ್ವ ಕೊರತೆ, ಅಂದರೆ ರಾಜಸ್ವ ಸ್ವೀಕೃತಿಗಿಂತ ರಾಜಸ್ವ ವೆಚ್ಚ ಹೆಚ್ಚಾದ ಮೊತ್ತ. ನೂರು ರೂಪಾಯಿ ಕೊರತೆಯಲ್ಲಿ 21 ರೂಪಾಯಿ ದಿನನಿತ್ಯದ ಖರ್ಚಿಗಾಗಿ ತಂದ ಸಾಲ. ನನಗೆ ಚಿಂತೆ ಇರುವುದು ಈ 21 ರೂಪಾಯಿಯ ಬಗ್ಗೆ. 2004-05ರಿಂದ ಕೋವಿಡ್ ಬರುವವರೆಗೆ ಕರ್ನಾಟಕ ರಾಜಸ್ವ ಹೆಚ್ಚುವರಿ ಉಳಿಸಿಕೊಂಡು ಬಂದ ರಾಜ್ಯ. ಸಾಲ ತಂದರೂ ಅದನ್ನು ಊಟಕ್ಕೆ ಖರ್ಚು ಮಾಡುವುದಿಲ್ಲ ಎಂಬ ಹೆಸರು ನಮಗಿತ್ತು. ಬೇರೆ ಬೇರೆ ಪಕ್ಷಗಳ ಸರ್ಕಾರಗಳು ಬಂದು ಹೋದರೂ ಅದನ್ನು ಕಾಪಾಡಿಕೊಂಡಿದ್ದವು. ಆ ಹೆಸರು ಮತ್ತೆ ಬರಬೇಕು ಎಂಬ ಆಸೆ ನನಗಿದೆ.

ಬಂಡವಾಳಕ್ಕೆ ತಂದ ಸಾಲದ ಮಾತು ಬೇರೆ. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಯಿತು. ಬೆಂಗಳೂರಿನ ಹೊರವಲಯದ 110 ಹಳ್ಳಿಗಳಿಗೆ ನೀರು ಕೊಡಲು ಮಾಡಿದ ಯೋಜನೆ, ದಿನಕ್ಕೆ 775 ದಶಲಕ್ಷ ಲೀಟರ್. ಅದಕ್ಕೆ ಜಪಾನಿನ ಜೈಕಾ ಸಂಸ್ಥೆಯ ಸಾಲ ಇದೆ. ಟ್ಯಾಂಕರ್ ನೀರಿಗೆ ವರ್ಷಗಟ್ಟಲೆ ದುಡ್ಡು ಸುರಿದ ಮನೆಗಳಿಗೆ ಆ ಸಾಲದ ಬೆಲೆ ಏನು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಇಪ್ಪತ್ತು, ಮೂವತ್ತು ವರ್ಷ ನೀರು ಕುಡಿಯುವವರು ಇಪ್ಪತ್ತು, ಮೂವತ್ತು ವರ್ಷ ಕಂತು ಕಟ್ಟುವುದು ನ್ಯಾಯವೇ.

ಹಾಗಾಗಿಯೇ, "ಪ್ರತಿ ಕನ್ನಡಿಗನ ತಲೆ ಮೇಲೆ ಲಕ್ಷ ರೂಪಾಯಿ ಸಾಲ" ಎಂಬ ತಲೆಬರಹ ನನಗೆ ಹಿಡಿಸುವುದಿಲ್ಲ. ಒಟ್ಟು ಸಾಲವನ್ನು ಜನಸಂಖ್ಯೆಯಿಂದ ಭಾಗಿಸಿದರೆ ಒಂದು ದೊಡ್ಡ ಅಂಕಿ ಸಿಗುತ್ತದೆ, ಸುಮ್ನೆ ಹೆದರಿಕೆ ಹುಟ್ಟುತ್ತದೆ. ಯಾವುದಕ್ಕೆ ತಂದರು, ಎಷ್ಟು ಬಡ್ಡಿ, ಯಾವಾಗ ತೀರಬೇಕು, ಯಾರಿಗೆ ಕೊಡಬೇಕು ಎಂಬ ಯಾವ ಪ್ರಶ್ನೆಗೂ ಅದರಲ್ಲಿ ಉತ್ತರ ಇಲ್ಲ. ನಿಜ ಹೇಳಬೇಕೆಂದರೆ ಈ ಸಾಲದ ದೊಡ್ಡ ಪಾಲನ್ನು ಕೊಟ್ಟವರು ನಾವೇ. ಸಂವಿಧಾನದ 293ನೇ ವಿಧಿ ಪ್ರಕಾರ ರಾಜ್ಯಗಳು ದೇಶದ ಒಳಗೆ ಮಾತ್ರ ಸಾಲ ಎತ್ತಬಹುದು. ಜೈಕಾ, ವಿಶ್ವಬ್ಯಾಂಕ್ ಮುಂತಾದವುಗಳ ಸಾಲ ಬರುವುದು ಕೇಂದ್ರ ಸರ್ಕಾರದ ದಾರಿಯಲ್ಲಿ. ರಾಜ್ಯದ ಬಾಂಡ್‌ಗಳನ್ನು, ಅಂದರೆ ಸಾಲಪತ್ರಗಳನ್ನು, ಸಾಮಾನ್ಯವಾಗಿ ಮಂಗಳವಾರಗಳಂದು ರಿಸರ್ವ್ ಬ್ಯಾಂಕ್ ಹರಾಜು ಹಾಕುತ್ತದೆ. ಕೊಳ್ಳುವವರು ಬ್ಯಾಂಕುಗಳು, ವಿಮಾ ಕಂಪನಿಗಳು, ಭವಿಷ್ಯ ನಿಧಿಗಳು. ಹುಬ್ಬಳ್ಳಿಯ ಅಂಗಡಿಯವರ ಠೇವಣಿ, ಪೀಣ್ಯದ ಕಾರ್ಮಿಕರ ಪಿಎಫ್, ಮಂಗಳೂರಿನ ನರ್ಸ್ ಕಟ್ಟುವ ಎಲ್‌ಐಸಿ ಕಂತು, ಎಲ್ಲವೂ ಸುತ್ತಿ ಬಳಸಿ ಇಂಥ ಬಾಂಡ್‌ಗಳಿಗೆ ಹೋಗಿರುತ್ತದೆ. ಸಾಲ ಕೊಟ್ಟವರೂ ನಾವು, ತೆರಿಗೆ ಕಟ್ಟಿ ತೀರಿಸುವವರೂ ನಾವು. ಲೆಕ್ಕ ನೋಡುವ ಹಕ್ಕು ನಮಗೆ ಎರಡೂ ಕಡೆಯಿಂದ ಬರುತ್ತದೆ.

ಈಗ ಆ ಶೇ 24.91ಕ್ಕೆ ಬರುತ್ತೇನೆ.

ಅದು ಒಂದು ಭಾಗಾಕಾರ. ಮೇಲೆ ಸಾಲ, ಕೆಳಗೆ ಜಿಎಸ್‌ಡಿಪಿ. ಮೇಲಿನ ಅಂಕಿಯ ಬಗ್ಗೆ ಎಲ್ಲರೂ ಜಗಳ ಮಾಡುತ್ತಾರೆ, ಕೆಳಗಿನದರ ಬಗ್ಗೆ ಯಾರೂ ಕೇಳುವುದಿಲ್ಲ. ಬಜೆಟ್‌ನ ಅಂಕಿಗಳಿಂದ ಲೆಕ್ಕ ಹಾಕಿದರೆ ಆ ವರ್ಷದ ಜಿಎಸ್‌ಡಿಪಿ ಸುಮಾರು ₹30.7 ಲಕ್ಷ ಕೋಟಿ ಎಂದು ಇಟ್ಟುಕೊಂಡಂತಾಗುತ್ತದೆ. ಇದು ವರ್ಷ ಶುರುವಾಗುವ ಮೊದಲೇ ಮಾಡಿದ ಅಂದಾಜು. ಇಂಥ ಅಂದಾಜುಗಳನ್ನು ಮುಂದಿನ ಎರಡು ಮೂರು ವರ್ಷ ಪರಿಷ್ಕರಿಸುತ್ತಲೇ ಇರುತ್ತಾರೆ. ಅದು ಸಹಜ, ಎಲ್ಲ ದೇಶಗಳಲ್ಲೂ ಹಾಗೇ ನಡೆಯುತ್ತದೆ. ಆದರೆ ಈ ಅಂದಾಜು ಬರೀ ಶೇ 1ರಷ್ಟು ಕಡಿಮೆಯಾದರೆ ಏನಾಗುತ್ತದೆ ನೋಡಿ. ಶೇ 25ರ ಮಿತಿಯೇ ಸುಮಾರು ₹7,670 ಕೋಟಿಯಷ್ಟು ಕೆಳಗಿಳಿಯುತ್ತದೆ. ನಮಗೆ ಉಳಿದಿದ್ದ ಜಾಗ ₹2,760 ಕೋಟಿ. ಒಂದು ರೂಪಾಯಿ ಹೊಸ ಸಾಲ ಮಾಡದೆಯೂ ನಾವು ಗೆರೆ ದಾಟಿಬಿಡುತ್ತೇವೆ. ದೇಶದ ಜಿಡಿಪಿ ಲೆಕ್ಕದ ಆಧಾರ ವರ್ಷವನ್ನೇ 2011-12ರಿಂದ 2022-23ಕ್ಕೆ ಬದಲಿಸುವ ಕಾಲ ಇದು. ರಾಜ್ಯಗಳ ಅಂಕಿಗಳೂ ಅದರ ಜೊತೆ ಬದಲಾಗುತ್ತವೆ. ಹೀಗಿರುವಾಗ ಎರಡು ದಶಮಾಂಶದ ಒಂದು ಅಂಕಿಯನ್ನು ಭಾಷಣದಲ್ಲಿ ಓದಿ, "ಮಿತಿಯೊಳಗೇ ಇದ್ದೇವೆ" ಎಂದು ಮುಂದಕ್ಕೆ ಹೋಗುವುದು ಸಾಲದು. ಜಿಎಸ್‌ಡಿಪಿ ಎಷ್ಟು ಎಂದು ಇಟ್ಟುಕೊಂಡಿದ್ದೀರಿ, ಹಿಂದಿನ ವರ್ಷ ಇಟ್ಟುಕೊಂಡಿದ್ದು ಎಷ್ಟಕ್ಕೆ ಬಂದು ನಿಂತಿತು ಎನ್ನುವುದನ್ನು ಅದೇ ಪುಟದಲ್ಲಿ ಹೇಳಬೇಕು.

ಇನ್ನೊಂದು ಪ್ರಶ್ನೆಯೂ ಇದೆ. 2024-25ರ ಬಜೆಟ್ ಭಾಷಣದಲ್ಲಿ, ಆ ವರ್ಷದ ಕೊನೆಗೆ ಹೊಣೆಗಾರಿಕೆ ₹6,65,095 ಕೋಟಿ, ಜಿಎಸ್‌ಡಿಪಿಯ ಶೇ 23.68 ಎಂದಿತ್ತು. ಮರು ವರ್ಷದ ಭಾಷಣದಲ್ಲಿ ಅದು ₹7,64,655 ಕೋಟಿ. ವ್ಯತ್ಯಾಸ ₹99,560 ಕೋಟಿ. ಆದರೆ 2025-26ರಲ್ಲಿ ತರುವ ಸಾಲದಿಂದ ತೀರಿಸುವ ಅಸಲನ್ನು ಕಳೆದರೆ ನಿವ್ವಳ ಸಾಲ ₹89,526 ಕೋಟಿ ಮಾತ್ರ. ಉಳಿದ ಹತ್ತು ಸಾವಿರ ಕೋಟಿ ಎಲ್ಲಿಂದ ಬಂತು? ಇದಕ್ಕೆ ಸರಿಯಾದ ಕಾರಣಗಳೇ ಇರಬಹುದು. ಹಿಂದಿನ ವರ್ಷದ ಅಂದಾಜು ಪರಿಷ್ಕರಣೆ ಆಗಿರಬಹುದು. ನೌಕರರ ಭವಿಷ್ಯ ನಿಧಿ, ಠೇವಣಿಗಳು ಇರುವ ಸಾರ್ವಜನಿಕ ಲೆಕ್ಕದಲ್ಲಿ ಬಾಕಿ ಜಾಸ್ತಿ ಆಗಿರಬಹುದು. ನಿಗಮಗಳ ಸಾಲ ಸೇರಿರಬಹುದು. ಇಲಾಖೆಯ ಅಧಿಕಾರಿಗಳು ಹತ್ತು ನಿಮಿಷದಲ್ಲಿ ಉತ್ತರ ಕೊಡಬಲ್ಲರು. ಆದರೆ ಎರಡೂ ಭಾಷಣ ಪಕ್ಕಪಕ್ಕ ಇಟ್ಟುಕೊಂಡು ಓದುವ ಸಾಮಾನ್ಯ ಮನುಷ್ಯನಿಗೆ ಆ ಉತ್ತರ ಸಿಗುವುದಿಲ್ಲ. ಹತ್ತು ಸಾವಿರ ಕೋಟಿ ಸಣ್ಣ ಮೊತ್ತ ಅಲ್ಲ, ಅಲ್ವಾ?

ಬಜೆಟ್ ಹೊರಗಿನ ಸಾಲದ, ಅಂದರೆ ಸರ್ಕಾರದ ಬದಲು ನಿಗಮಗಳ ಹೆಸರಿನಲ್ಲಿ ಎತ್ತುವ ಸಾಲದ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು. ನಮ್ಮ ರಾಜ್ಯಕ್ಕೆ ಇದರ ಅನುಭವ ಹಳೆಯದು.

ಕೃಷ್ಣಾ ನದಿ ನೀರನ್ನು ರಾಜ್ಯಗಳಿಗೆ ಹಂಚಿದ ಬಚಾವತ್ ನ್ಯಾಯಮಂಡಳಿಯ ತೀರ್ಪು 2000ನೇ ಇಸವಿಯ ಮೇ 31ರ ನಂತರ ಮರುಪರಿಶೀಲನೆಗೆ ಬರಬಹುದಿತ್ತು. ಅಷ್ಟರೊಳಗೆ ನಮ್ಮ ಪಾಲಿನ ನೀರನ್ನು ಬಳಸುವ ವ್ಯವಸ್ಥೆ ಆಗದಿದ್ದರೆ ಹಕ್ಕು ಕೈತಪ್ಪೀತು ಎಂಬ ಭಯ ಎಲ್ಲರಿಗೂ ಇತ್ತು. ಬಜೆಟ್‌ನಲ್ಲಿ ಅಷ್ಟು ದುಡ್ಡಿರಲಿಲ್ಲ. 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ ಹುಟ್ಟಿತು. ಸರ್ಕಾರ ಜಾಮೀನು ನಿಂತಿತು, ನಿಗಮ ಬಾಂಡ್ ಬಿಟ್ಟು ಹಣ ಎತ್ತಿತು. ಆಲಮಟ್ಟಿ ಎದ್ದು ನಿಂತಿದ್ದರಲ್ಲಿ ಆ ಹಣದ ಪಾಲು ದೊಡ್ಡದು. ವಿಜಯಪುರ, ಬಾಗಲಕೋಟೆ, ಯಾದಗಿರಿ, ರಾಯಚೂರಿನ ಹೊಲಗಳಿಗೆ ನೀರು ಹರಿದಿದ್ದನ್ನು ಕಂಡವರು ಆ ನಿರ್ಧಾರ ತಪ್ಪು ಎನ್ನಲಾರರು. ನಾನೂ ಎನ್ನುವುದಿಲ್ಲ.

ಆದರೆ ಆ ಬಾಂಡ್‌ಗಳ ಬಡ್ಡಿ ಮತ್ತು ಅಸಲನ್ನು ನಿಗಮ ತನ್ನ ಆದಾಯದಿಂದ ಕಟ್ಟುವಂತಿರಲಿಲ್ಲ. ನೀರಿನ ಕರದಿಂದ ಎಷ್ಟು ಬಂದೀತು? ಕಡೆಗೆ ಕಟ್ಟಬೇಕಾಗಿದ್ದು ರಾಜ್ಯದ ಖಜಾನೆಯೇ. ಕಾಗದದ ಮೇಲೆ ನಿಗಮದ ಸಾಲ, ನಿಜದಲ್ಲಿ ಸರ್ಕಾರದ ಸಾಲ. ಈ ದಾರಿ ಒಮ್ಮೆ ಗೊತ್ತಾದ ಮೇಲೆ ಬೇರೆ ನಿಗಮಗಳಿಗೂ ಅದೇ ದಾರಿ ಆಯಿತು. ನೀರಾವರಿಗೆ, ರಸ್ತೆಗೆ, ವಸತಿಗೆ, ಎಲ್ಲದಕ್ಕೂ ಒಂದೊಂದು ನಿಗಮ.

ಇದರ ಅಪಾಯವನ್ನು ಕರ್ನಾಟಕ ಬೇಗನೇ ಗುರುತಿಸಿತು. 1999ರಲ್ಲಿ ಸರ್ಕಾರಿ ಖಾತರಿಗಳ ಮೇಲೆ ಮಿತಿ ಹಾಕುವ ಕಾನೂನು ತಂದೆವು. ಸರ್ಕಾರ ಜಾಮೀನು ನಿಂತ ಸಾಲಗಳ ಒಟ್ಟು ಬಾಕಿ, ಎರಡು ವರ್ಷ ಹಿಂದಿನ ರಾಜಸ್ವ ಸ್ವೀಕೃತಿಯ ಶೇ 80 ದಾಟಬಾರದು ಎಂದು ಅದು ಹೇಳುತ್ತದೆ. 2002ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾನೂನು ತಂದೆವು. ದೇಶದಲ್ಲೇ ಇಂಥ ಕಾನೂನು ಮಾಡಿದ ಮೊದಲ ರಾಜ್ಯ ನಮ್ಮದು. ಕೇಂದ್ರ ಸರ್ಕಾರದ ಕಾನೂನು ಬಂದಿದ್ದು ಅದರ ನಂತರ, 2003ರಲ್ಲಿ. ಮುಂದೆ ಅದಕ್ಕೆ ತಿದ್ದುಪಡಿ ಮಾಡಿ, ಬಜೆಟ್‌ನಿಂದ ಅಸಲು ಅಥವಾ ಬಡ್ಡಿ ಕಟ್ಟಬೇಕಾದ ನಿಗಮಗಳ ಸಾಲವನ್ನೂ ಒಟ್ಟು ಹೊಣೆಗಾರಿಕೆಗೆ ಸೇರಿಸಬೇಕು ಎಂದೆವು. ಇದು ತುಂಬ ಒಳ್ಳೆಯ ತಿದ್ದುಪಡಿ. ಅದನ್ನು ತಂದವರಿಗೆ ನಾನು ಮನಸಾರೆ ಕೃತಜ್ಞ.

ಆದರೆ ಗಡಿಯಲ್ಲಿ ನಿಲ್ಲುವ ಸಾಲಗಳ ಕಥೆ ಏನು? ಒಂದು ಉದಾಹರಣೆ ಕೊಡುತ್ತೇನೆ. ನಾಲ್ಕು ಸಾರಿಗೆ ನಿಗಮಗಳು ನೌಕರರ ಭವಿಷ್ಯ ನಿಧಿ ಮತ್ತು ಇಂಧನದ ಬಾಕಿ ತೀರಿಸಲು ₹2,000 ಕೋಟಿ ಸಾಲ ಎತ್ತಲು ಸರ್ಕಾರ ಒಪ್ಪಿಗೆ ಕೊಟ್ಟು ಖಾತರಿ ನಿಂತಿತು. 2025ರ ಜನವರಿಯಲ್ಲಿ ಬಸ್ ಪ್ರಯಾಣ ದರ ಶೇ 15ರಷ್ಟು ಏರಿದ ಆಸುಪಾಸಿನಲ್ಲೇ ಇದು ನಡೆಯಿತು. ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳ ಉಚಿತ ಪ್ರಯಾಣದ ದುಡ್ಡನ್ನು ಸರ್ಕಾರ ನಿಗಮಗಳಿಗೆ ತುಂಬಿ ಕೊಡಬೇಕು. ನನ್ನ ತರಗತಿಯ ಎಷ್ಟೋ ಹುಡುಗಿಯರು ಅದೇ ಬಸ್ಸಿನಲ್ಲಿ ಕಾಲೇಜಿಗೆ ಬರುತ್ತಾರೆ. ಆ ಯೋಜನೆಯ ಬಗ್ಗೆ ನನಗೆ ಗೌರವ ಇದೆ. ಆದರೆ ನಿಗಮ ಸಾಲ ಮಾಡಿ, ಮುಂದೆ ಅದನ್ನು ಕಟ್ಟಲಾಗದೆ ಖಜಾನೆಯ ಕಡೆ ತಿರುಗಿದರೆ, ಆ ₹2,000 ಕೋಟಿ ಯಾರ ಲೆಕ್ಕಕ್ಕೆ? ಅದು ಆ ₹7,64,655 ಕೋಟಿಯ ಒಳಗಿದೆಯೋ ಹೊರಗಿದೆಯೋ? ಈ ಸರಳ ಪ್ರಶ್ನೆಗೆ ಒಂದು ಸಾಲಿನ ಉತ್ತರ ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ ಇರಬೇಕು.

ಬಾಕಿ ಬಿಲ್ಲುಗಳದ್ದು ಇನ್ನೂ ಕಷ್ಟದ ವಿಷಯ. ಕೆಲಸ ಮುಗಿಸಿದ ಗುತ್ತಿಗೆದಾರರಿಗೆ ಮೂವತ್ತು ಸಾವಿರ ಕೋಟಿಗೂ ಹೆಚ್ಚು ಬಾಕಿ ಇದೆ ಎಂದು ಗುತ್ತಿಗೆದಾರರ ಸಂಘ ಹೇಳುತ್ತಾ ಬಂದಿದೆ. ಅಷ್ಟಿದೆಯೋ ಕಡಿಮೆ ಇದೆಯೋ ಎಂದು ಇಲಾಖೆವಾರು ಅಂಕಿ ಇಟ್ಟು ಹೇಳಬೇಕಾದವರು ನೀವು. ಕೊಡಬೇಕಾದ ದುಡ್ಡನ್ನು ಕೊಡದೆ ಮುಂದೂಡಿದರೆ ಅದೂ ಸಾಲವೇ. ಆದರೆ ಅದಕ್ಕೆ ಹರಾಜಿಲ್ಲ, ಬಡ್ಡಿ ದರ ಗೊತ್ತಿಲ್ಲ, ತೀರಿಸುವ ದಿನಾಂಕ ಇಲ್ಲ. ದೊಡ್ಡ ಗುತ್ತಿಗೆದಾರ ಹೇಗೋ ತಡೆದುಕೊಳ್ಳುತ್ತಾನೆ. ತಾಲ್ಲೂಕು ಮಟ್ಟದಲ್ಲಿ ಶಾಲಾ ಕಾಂಪೌಂಡು, ಚರಂಡಿ ಕಟ್ಟುವ ಸಣ್ಣ ಗುತ್ತಿಗೆದಾರ ಕೈಸಾಲ ಮಾಡಿ ಕೂಲಿ ಕೊಡುತ್ತಾನೆ. ಸರ್ಕಾರ ಶೇ 7ರ ಆಸುಪಾಸಿನ ಬಡ್ಡಿಗೆ ಸಾಲ ತರಬಲ್ಲದು. ಆತನಿಗೆ ತಿಂಗಳಿಗೆ ನೂರಕ್ಕೆ ಎರಡು, ಮೂರು ರೂಪಾಯಿ ಬಡ್ಡಿ. ಸರ್ಕಾರದ ಲೆಕ್ಕದ ಪುಸ್ತಕ ಚೆನ್ನಾಗಿ ಕಾಣಲಿ ಎಂದು ಅವನು ಆ ಬಡ್ಡಿ ಕಟ್ಟಬೇಕೇ? ಇದು ಅನ್ಯಾಯ. ಇದನ್ನು ಮಾಡಿದ್ದು ಒಂದೇ ಸರ್ಕಾರ ಅಲ್ಲ, ಒಂದೇ ಪಕ್ಷವೂ ಅಲ್ಲ.

ಮುಚ್ಚಿಟ್ಟ ಸಾಲ ಒಂದೇ ಸಲ ಹೊರಗೆ ಬಂದರೆ ಏನಾಗುತ್ತದೆ ಎನ್ನುವುದಕ್ಕೆ ದೂರ ಹೋಗಬೇಕಾಗಿಲ್ಲ. ಪಕ್ಕದ ತೆಲಂಗಾಣವನ್ನು ನೋಡಬಹುದು. 2023ರ ಡಿಸೆಂಬರ್‌ನಲ್ಲಿ ಅಲ್ಲಿ ಸರ್ಕಾರ ಬದಲಾದ ಕೂಡಲೇ ಹಣಕಾಸಿನ ಶ್ವೇತಪತ್ರ ಸದನದ ಮುಂದೆ ಬಂತು. ಬಜೆಟ್ ಲೆಕ್ಕದ ಸಾಲ ಸುಮಾರು ₹3.89 ಲಕ್ಷ ಕೋಟಿ. ನಿಗಮಗಳ ಸಾಲ, ಖಾತರಿ ಎಲ್ಲ ಸೇರಿಸಿದರೆ ₹6.71 ಲಕ್ಷ ಕೋಟಿ ಎಂದು ಶ್ವೇತಪತ್ರ ಹೇಳಿತು. ಹಿಂದಿನ ಆಡಳಿತ ಪಕ್ಷ ಆ ಲೆಕ್ಕವನ್ನು ಒಪ್ಪಲಿಲ್ಲ. ಯಾರು ಸರಿ ಎಂದು ತೀರ್ಪು ಕೊಡಲು ನಾನು ಹೋಗುವುದಿಲ್ಲ. ಆದರೆ ಒಂದು ರಾಜ್ಯದ ಸಾಲ ಎಷ್ಟು ಎಂಬ ಪ್ರಶ್ನೆಗೆ ಸುಮಾರು ಮೂರು ಲಕ್ಷ ಕೋಟಿ ವ್ಯತ್ಯಾಸದ ಎರಡು ಉತ್ತರ ಇರುವುದು, ಎರಡಕ್ಕೂ ಬೆಂಬಲಿಗರು ಇರುವುದು, ಜನರ ನಂಬಿಕೆಗೆ ಬಿದ್ದ ದೊಡ್ಡ ಪೆಟ್ಟು. ಸರ್ಕಾರ ಬದಲಾದಾಗ ಮಾತ್ರ ಲೆಕ್ಕ ಹೊರಬರುವ ಸ್ಥಿತಿ ನಮಗೆ ಬರಬಾರದು.

ಕೇಂದ್ರವೂ ಇದರಿಂದ ಹೊರತಲ್ಲ. ಆಹಾರ ಸಬ್ಸಿಡಿಯ ದುಡ್ಡನ್ನು ಬಜೆಟ್‌ನಲ್ಲಿ ಪೂರ್ತಿ ಕೊಡದೆ, ಭಾರತ ಆಹಾರ ನಿಗಮ ಸಣ್ಣ ಉಳಿತಾಯ ನಿಧಿಯಿಂದ ಸಾಲ ಮಾಡುವಂತೆ ವರ್ಷಗಟ್ಟಲೆ ನಡೆಸಿಕೊಂಡು ಬಂದಿತ್ತು. ಸಿಎಜಿ ಇದನ್ನು ಎತ್ತಿ ತೋರಿಸಿತು. 2021ರ ಫೆಬ್ರುವರಿಯ ಬಜೆಟ್‌ನಲ್ಲಿ ಆ ಪದ್ಧತಿ ನಿಲ್ಲಿಸಿ, ಬಾಕಿಯನ್ನು ಲೆಕ್ಕದ ಒಳಗೆ ತಂದರು. ಕೋವಿಡ್ ಖರ್ಚು ಮತ್ತು ತೆರಿಗೆ ಕುಸಿತದ ಜೊತೆಗೆ ಇದೂ ಸೇರಿ 2020-21ರ ಕೊರತೆಯ ಪರಿಷ್ಕೃತ ಅಂದಾಜು ಜಿಡಿಪಿಯ ಶೇ 9.5ಕ್ಕೆ ಹೋಯಿತು. ಅಂಕಿ ನೋಡಲು ಕೆಟ್ಟದಾಗಿತ್ತು. ಆದರೆ ಅಡಗಿದ್ದದ್ದು ಹೊರಗೆ ಬಂದಿತ್ತು, ಅದರಿಂದ ದೇಶಕ್ಕೆ ಸಾಲ ಕೊಡುವವರು ಓಡಿಹೋಗಲಿಲ್ಲ. "ಎಲ್ಲ ಹೇಳಿಬಿಟ್ಟರೆ ಮಾರುಕಟ್ಟೆಯಲ್ಲಿ ನಮ್ಮ ಹೆಸರು ಕೆಡುತ್ತದೆ" ಎನ್ನುವ ಅಧಿಕಾರಿಗಳು ಇದನ್ನು ಗಮನಿಸಬೇಕು. ಬಾಂಡ್ ಕೊಳ್ಳುವವರಿಗೆ ಹೇಗೂ ಎಲ್ಲ ಗೊತ್ತಿರುತ್ತದೆ. ಅವರ ಹತ್ತಿರ ಇದೇ ಕೆಲಸಕ್ಕೆ ಜನ ಇದ್ದಾರೆ. ಗೊತ್ತಿಲ್ಲದೆ ಉಳಿಯುವವರು ತೆರಿಗೆ ಕಟ್ಟುವ ನಾವು ಮಾತ್ರ.

ತಡವಾಗಿ ಬರುವ ಲೆಕ್ಕದ ಬಗ್ಗೆಯೂ ಎರಡು ಮಾತು. 2023-24ರ ರಾಜ್ಯ ಹಣಕಾಸಿನ ಮೇಲಿನ ಸಿಎಜಿ ವರದಿ ಸದನಕ್ಕೆ ಬಂದಿದ್ದು 2025ರ ಆಗಸ್ಟ್‌ನಲ್ಲಿ. ವಿತ್ತೀಯ ಕೊರತೆ ಒಂದೇ ವರ್ಷದಲ್ಲಿ ₹46,623 ಕೋಟಿಯಿಂದ ₹65,522 ಕೋಟಿಗೆ ಏರಿತ್ತು ಎಂಬುದು ಅದರಲ್ಲಿತ್ತು. ಆ ಹೊತ್ತಿಗೆ ಆ ವರ್ಷ ಮುಗಿದು ಹದಿನಾರು ತಿಂಗಳು ದಾಟಿತ್ತು, ನಡುವೆ 2025-26ರ ಬಜೆಟ್ ಕೂಡ ಅಂಗೀಕಾರ ಆಗಿತ್ತು. ಸಿಎಜಿ ತಿಂಗಳ ಲೆಕ್ಕವನ್ನೂ ತನ್ನ ಜಾಲತಾಣದಲ್ಲಿ ಹಾಕುತ್ತದೆ, ನಿಜ. ಅದರಲ್ಲಿ ನಿಗಮಗಳ ಸಾಲ ಇಲ್ಲ, ಬಾಕಿ ಬಿಲ್ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನಾನು ಏನು ಕೇಳುತ್ತಿದ್ದೇನೆ?

ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಪ್ರತಿ ವರ್ಷ ಜಮಾಬಂದಿ ನಡೆಯುತ್ತದೆ. ಬಂದ ಹಣ ಎಷ್ಟು, ಹೋದ ಹಣ ಎಷ್ಟು ಎಂದು ಊರವರ ಮುಂದೆ ಓದುತ್ತಾರೆ. ಕಾಮಗಾರಿ ನಡೆದ ಜಾಗಕ್ಕೂ ಹೋಗಿ ನೋಡುತ್ತಾರೆ. ಎಲ್ಲ ಕಡೆ ಸರಿಯಾಗಿ ನಡೆಯುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಊರಿನ ಯಾವ ಮನುಷ್ಯನೂ ಎದ್ದು ನಿಂತು "ಆ ಬೋರ್‌ವೆಲ್ ಬಿಲ್ ತೋರಿಸಿ" ಎಂದು ಕೇಳಬಹುದು. ಈ ನಿಯಮ ಮಾಡಿದ್ದು ರಾಜ್ಯ ಸರ್ಕಾರ. ಕೆಲವು ಲಕ್ಷಗಳ ಲೆಕ್ಕಕ್ಕೆ ಪಂಚಾಯಿತಿ ಸದಸ್ಯರನ್ನು ಊರ ಮುಂದೆ ನಿಲ್ಲಿಸಿದ ಸರ್ಕಾರ, ಏಳೂವರೆ ಲಕ್ಷ ಕೋಟಿಯ ಲೆಕ್ಕಕ್ಕೆ ತಾನೂ ಹಾಗೇ ನಿಲ್ಲಬೇಕು.

ಅದಕ್ಕೆ ನಾನು ಕೇಳುವುದು ಪ್ರತಿ ತಿಂಗಳು ಒಂದು ಸಾಲ ಪಟ್ಟಿ. ಕನ್ನಡದಲ್ಲಿ, ಒಂದೇ ಕಡೆ, ಹತ್ತನೇ ತರಗತಿ ಓದಿದವರಿಗೂ ಅರ್ಥವಾಗುವಂತೆ. ಆ ತಿಂಗಳು ಹರಾಜಿನಲ್ಲಿ ಎಷ್ಟು ಸಾಲ ತಂದಿರಿ, ಯಾವ ಬಡ್ಡಿಗೆ, ಎಷ್ಟು ವರ್ಷಕ್ಕೆ ಎಂದು ಅದರಲ್ಲಿರಲಿ. ಮುಂದಿನ ಹತ್ತು ವರ್ಷಗಳಲ್ಲಿ ಯಾವ ವರ್ಷ ಎಷ್ಟು ಅಸಲು ತೀರಿಸಬೇಕು ಎಂದೂ ಇರಲಿ. ಹಲವು ಸಾಲಗಳು ಒಂದೇ ವರ್ಷ ಬಂದು ಬಿದ್ದರೆ ಆ ವರ್ಷ ಆಸ್ಪತ್ರೆಗೆ, ಶಾಲೆಗೆ ಎಷ್ಟು ಉಳಿಯುತ್ತದೆ ಎಂದು ಈಗಲೇ ಗೊತ್ತಾಗಬೇಕು. ಪ್ರತಿ ನಿಗಮದ ಹೆಸರಿನ ಮುಂದೆ ಅದರ ಸಾಲ, ಸರ್ಕಾರದ ಖಾತರಿ ಇದೆಯೋ ಇಲ್ಲವೋ, ಕಂತನ್ನು ನಿಗಮ ಕಟ್ಟಿತೋ ಖಜಾನೆ ಕಟ್ಟಿತೋ ಎಂದು ಬರೆಯಿರಿ. ಇಲಾಖೆವಾರು ಬಾಕಿ ಬಿಲ್, ಮೂರು ತಿಂಗಳಿಗಿಂತ ಹಳೆಯದು ಎಷ್ಟು, ವರ್ಷ ದಾಟಿದ್ದು ಎಷ್ಟು ಎಂದು ಹೇಳಿ. ಜಿಎಸ್‌ಟಿಯಿಂದ ರಾಜ್ಯಕ್ಕಾದ ತೆರಿಗೆ ನಷ್ಟಕ್ಕೆ ಕೇಂದ್ರ ಕೊಡಬೇಕಿದ್ದ ಪರಿಹಾರದ ಬದಲು 2020-21ರಲ್ಲಿ ₹12,407 ಕೋಟಿ, 2021-22ರಲ್ಲಿ ₹18,109 ಕೋಟಿ ಸಾಲದ ರೂಪದಲ್ಲಿ ಬಂತು. ಅದನ್ನು ಸೆಸ್ ಹಣದಿಂದ ತೀರಿಸುವ ಏರ್ಪಾಡಾಯಿತು. ಅಂಥವನ್ನು ಬೇರೆಯೇ ಸಾಲಿನಲ್ಲಿ, ಕಾರಣ ಸಹಿತ ತೋರಿಸಿ. ಎಲ್ಲವನ್ನೂ ಒಂದೇ ರಾಶಿಗೆ ಹಾಕಿ ಜನರನ್ನು ಹೆದರಿಸಿ ಎಂದು ನಾನು ಕೇಳುತ್ತಿಲ್ಲ. ಪ್ರತಿಯೊಂದೂ ಅದರದರ ಹೆಸರಿನಲ್ಲಿ ಕಾಣಲಿ.

ಇದು ಆಗದ ಕೆಲಸ ಅಲ್ಲ. ರೈತರ ಪಹಣಿಯನ್ನು ಭೂಮಿ ಯೋಜನೆಯಲ್ಲಿ ಕಂಪ್ಯೂಟರ್‌ಗೆ ತಂದು ದೇಶಕ್ಕೆ ದಾರಿ ತೋರಿಸಿದ ರಾಜ್ಯ ಇದು. ರೈತ ಜಮೀನಿನ ಮೇಲೆ ಬ್ಯಾಂಕಿನಲ್ಲಿ ಬೆಳೆ ಸಾಲ ತೆಗೆದರೆ ಅದು ಪಹಣಿಯ ಋಣದ ಕಲಂನಲ್ಲಿ ಬರುತ್ತದೆ. ಸರ್ವೆ ನಂಬರ್ ಗೊತ್ತಿದ್ದ ಯಾರು ಬೇಕಾದರೂ ಅದನ್ನು ನೋಡಬಹುದು. ಖಜಾನೆಯ ವ್ಯವಹಾರವೂ ಖಜಾನೆ-2 ವ್ಯವಸ್ಥೆಯಲ್ಲಿ ಕಂಪ್ಯೂಟರ್ ಮೂಲಕವೇ ನಡೆಯುತ್ತದೆ. ಮಾಹಿತಿ ನಿಮ್ಮ ಕಚೇರಿಗಳಲ್ಲೇ ಇದೆ. ಅದನ್ನು ಜೋಡಿಸಿ ಹೊರಗೆ ಇಡುವ ಆದೇಶ ಒಂದು ಬೇಕು.

ದೆಹಲಿಯ ಜೊತೆಗಿನ ನಮ್ಮ ವಾದಕ್ಕೂ ಇದರಿಂದ ಬಲ ಬರುತ್ತದೆ. 15ನೇ ಹಣಕಾಸು ಆಯೋಗ ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲನ್ನು ಶೇ 4.713ರಿಂದ ಶೇ 3.647ಕ್ಕೆ ಇಳಿಸಿತು. ನಮಗೆ ಅನ್ಯಾಯ ಆಗಿದೆ ಎಂದೇ ನಾನೂ ನಂಬುತ್ತೇನೆ. 2024ರ ಫೆಬ್ರುವರಿಯಲ್ಲಿ ನೀವೆಲ್ಲ ಜಂತರ್ ಮಂತರ್‌ಗೆ ಹೋಗಿ "ನನ್ನ ತೆರಿಗೆ ನನ್ನ ಹಕ್ಕು" ಎಂದಾಗ ನಮ್ಮ ಸ್ಟಾಫ್ ರೂಮಿನಲ್ಲೂ ಅದೇ ಮಾತು. ನಮ್ಮ ತೆರಿಗೆಯ ಲೆಕ್ಕವನ್ನು ಕೇಂದ್ರದಿಂದ ಕೇಳುವ ನಾವು, ನಮ್ಮ ಸಾಲದ ಲೆಕ್ಕವನ್ನು ಪೂರ್ತಿ ತೆರೆದಿಟ್ಟುಕೊಂಡು ಹೋದರೆ ನಮ್ಮ ಮಾತಿಗೆ ಎದುರು ಹೇಳುವುದು ಯಾರಿಗೂ ಸುಲಭ ಆಗುವುದಿಲ್ಲ. ತೆರಿಗೆ ಪಾಲು ಕಡಿಮೆಯಾಗಿದ್ದಕ್ಕೆ ಎಷ್ಟು ಸಾಲ ಹೆಚ್ಚಾಯಿತು ಎಂದು ಅದೇ ಪಟ್ಟಿಯಿಂದ ತೋರಿಸಬಹುದು.

ಶಾಸಕರಿಗೆ ಒಂದು ಮಾತು. ವಿರೋಧ ಪಕ್ಷದಲ್ಲಿದ್ದಾಗ ಎಲ್ಲರೂ ಸಾಲದ ಒಟ್ಟು ಮೊತ್ತವನ್ನು ಹೇಳುತ್ತೀರಿ, ಆಡಳಿತಕ್ಕೆ ಬಂದ ಮೇಲೆ ಎಲ್ಲರೂ ಶೇಕಡಾವಾರು ಹೇಳುತ್ತೀರಿ. ಎರಡೂ ಸುಳ್ಳಲ್ಲ, ಎರಡೂ ಪೂರ್ತಿ ಅಲ್ಲ. ಈ ಚರ್ಚೆಯಿಂದ ಜನರಿಗೆ ಏನೂ ತಿಳಿಯುವುದಿಲ್ಲ. ಮುಂದಿನ ಅಧಿವೇಶನದಲ್ಲಿ ನಿಮ್ಮ ಕ್ಷೇತ್ರದ ಒಂದೇ ಒಂದು ಪ್ರಶ್ನೆ ಹಾಕಿ: ನನ್ನ ತಾಲ್ಲೂಕಿನಲ್ಲಿ ಮುಗಿದ ಕಾಮಗಾರಿಗಳ ಬಾಕಿ ಬಿಲ್ ಎಷ್ಟು, ಎಷ್ಟು ದಿನದಿಂದ? 224 ಕ್ಷೇತ್ರಗಳಿಂದ ಈ ಪ್ರಶ್ನೆ ಬಂದರೆ ರಾಜ್ಯದ ಅಂಕಿ ತಾನಾಗಿಯೇ ಸಿಗುತ್ತದೆ. ಅದಕ್ಕೆ ಹೊಸ ಕಾನೂನು ಬೇಕಾಗಿಲ್ಲ. ಆಡಳಿತ ಪಕ್ಷದ ಶಾಸಕರೂ ಕೇಳಬಹುದು, ಕೇಳಬೇಕು.

ಸಚಿವರೇ, ತಿಂಗಳ ಪಟ್ಟಿಗೆ ಸಮಯ ಹಿಡಿಯುತ್ತದೆ ಎನ್ನುವುದಾದರೆ ಮೊದಲು ಒಂದೇ ಸಲ ಪ್ರಕಟಿಸಿ. ನಿಗಮವಾರು ಸಾಲ, ಖಾತರಿ, ಬಾಕಿ ಬಿಲ್, ಈ ಮೂರನ್ನು ಮಾತ್ರ, ಮುಂದಿನ ಬಜೆಟ್ ಮಂಡಿಸುವ ದಿನದೊಳಗೆ. ಅಂಕಿ ಎಷ್ಟೇ ದೊಡ್ಡದಿರಲಿ, ಅದನ್ನು ಹೊರಗಿಟ್ಟಿದ್ದಕ್ಕೆ ನಾನು ನಿಮ್ಮನ್ನು ಬೈಯುವುದಿಲ್ಲ. ಆ ಪಟ್ಟಿಯನ್ನು ತರಗತಿಯಲ್ಲಿ ಓದಿಸುತ್ತೇನೆ. ಸ್ಪಷ್ಟವಾಗದ ಸಾಲುಗಳ ಬಗ್ಗೆ ಮಕ್ಕಳ ಕೈಯಿಂದಲೇ ಇಲಾಖೆಗೆ ಪತ್ರ ಬರೆಸುತ್ತೇನೆ. ದಯವಿಟ್ಟು ಅವಕ್ಕೆ ಉತ್ತರ ಕೊಡಿ.

ಇಂತಿ,
ಒಬ್ಬ ಪಿಯು ಕಾಲೇಜು ಅರ್ಥಶಾಸ್ತ್ರ ಉಪನ್ಯಾಸಕಿ
ಹಾವೇರಿ ಜಿಲ್ಲೆ